ನೆಟ್‌ವರ್ಕ್ ಓಎಸ್‌ಗಳು: ದೂರದ ಸ್ವಿಚ್ ಕೈತಪ್ಪಿದಾಗ ನಿಮ್ಮನ್ನು ಕಾಪಾಡಿದ್ದು ಯಾವುದು?

ರಾತ್ರಿಪಾಳಿ, ಬೆಂಗಳೂರು

ಎಲ್ಲರಿಗೂ ನಮಸ್ಕಾರ. ಕಳೆದ ವಾರ ನಡೆದದ್ದು ಇನ್ನೂ ತಲೆಯಿಂದ ಹೋಗಿಲ್ಲ. ಅದನ್ನು ಹೇಳಿ, ಆಮೇಲೆ ಪ್ರಶ್ನೆ ಕೇಳುತ್ತೇನೆ.

ಕಲಬುರಗಿಯಲ್ಲಿ ನಮ್ಮ ಗ್ರಾಹಕರದ್ದು ಒಂದು ಬ್ರಾಂಚ್ ಇದೆ. ಒಂದು ರೌಟರ್, ಅದರ ಕೆಳಗೆ ಐಒಎಸ್ (ಸಿಸ್ಕೊ ಕಂಪನಿಯ ಓಎಸ್, ಐಫೋನಿನದ್ದಲ್ಲ) ಓಡುವ ಒಂದು ಸ್ವಿಚ್. ಎರಡರ ಮಧ್ಯೆ ಒಂದೇ ಟ್ರಂಕ್ ಲಿಂಕ್. ಅದರಲ್ಲಿ ಮೂರು ವಿಲ್ಯಾನ್ (ಒಂದೇ ತಂತಿಯ ಮೇಲೆ ಬೇರೆ ಬೇರೆಯಾಗಿ ಓಡುವ ನೆಟ್‌ವರ್ಕ್‌ಗಳು): ಕಂಪ್ಯೂಟರ್‌ಗಳಿಗೆ 10, ಫೋನುಗಳಿಗೆ 20, ನಾವು ಬೆಂಗಳೂರಿನಿಂದ ಲಾಗಿನ್ ಆಗೋದಕ್ಕೆ 99. ಸಿಸಿಟಿವಿಗೆ ಅಂತ 30 ಸೇರಿಸಬೇಕಿತ್ತು. ರಾತ್ರಿ 11ಕ್ಕೆ ಸಮಯ ಕೊಟ್ಟಿದ್ದರು.

ನಾನು ಹೊಡೆದದ್ದು: ಸ್ವಿಚ್‌ಪೋರ್ಟ್ ಟ್ರಂಕ್ ಅಲೋಡ್ ವಿಲ್ಯಾನ್ 30. ಹೊಡೆಯಬೇಕಾಗಿದ್ದದ್ದು: ಸ್ವಿಚ್‌ಪೋರ್ಟ್ ಟ್ರಂಕ್ ಅಲೋಡ್ ವಿಲ್ಯಾನ್ ಆ್ಯಡ್ 30.

ಗೊತ್ತಿಲ್ಲದವರಿಗೆ ಹೇಳುತ್ತೇನೆ. 'ಆ್ಯಡ್' ಇದ್ದರೆ ಹಳೇ ಪಟ್ಟಿಗೆ 30 ಸೇರುತ್ತೆ. ಇಲ್ಲದಿದ್ದರೆ ಹಳೇ ಪಟ್ಟಿಯೇ ಅಳಿಸಿಹೋಗಿ 30 ಮಾತ್ರ ಉಳಿಯುತ್ತೆ. 10 ಹೋಯಿತು, 20 ಹೋಯಿತು, ನಾನು ಕೂತಿದ್ದ 99 ಕೂಡ ಹೋಯಿತು. ಎಂಟರ್ ಒತ್ತಿದ ಮೇಲೆ ಕರ್ಸರ್ ಅಲ್ಲಾಡಲಿಲ್ಲ. ನಾನೇ ನನ್ನ ದಾರಿ ಕಡಿದುಕೊಂಡಿದ್ದೆ.

ಸೇವ್ ಮಾಡಿರಲಿಲ್ಲ, ಅದೊಂದು ಪುಣ್ಯ. ಸ್ವಿಚ್ ಆಫ್ ಮಾಡಿ ಆನ್ ಮಾಡಿದರೆ ಹಳೇ ಕಾನ್ಫಿಗ್ (ಸೆಟ್ಟಿಂಗ್‌ಗಳು) ವಾಪಸ್ ಬರುತ್ತೆ. ಆದರೆ ಮಾಡುವವರು ಯಾರು? ಅಲ್ಲಿ ಇದ್ದವರು ವಾಚ್‌ಮನ್ ಒಬ್ಬರೇ. ರ‍್ಯಾಕ್‌ಗೆ ಬೀಗ. ಕೀ ಮ್ಯಾನೇಜರ್ ಮನೆಯಲ್ಲಿ. ಅವರನ್ನು ಎಬ್ಬಿಸಿ, ಕೀ ತರಿಸಿ, ವಾಚ್‌ಮನ್ ಹತ್ತಿರ ಫೋನಿನಲ್ಲಿ "ಮೇಲಿಂದ ಎರಡನೇ ಡಬ್ಬ ಕಾಕಾ, ಹಿಂದಿನ ಕಪ್ಪು ವೈರು" ಅಂತ ಹೇಳಿ ತೆಗೆಸಿ ಹಾಕಿಸುವಷ್ಟರಲ್ಲಿ 1 ಗಂಟೆ 20 ನಿಮಿಷ. ಆ ವಯಸ್ಸಾದವರು ಒಂದು ಮಾತೂ ಬೇಸರ ಮಾಡಿಕೊಳ್ಳಲಿಲ್ಲ.

ತಪ್ಪು ನನ್ನದೇ. ಆದರೆ ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಒಂದೇ ಯೋಚನೆ. ಈ ಓಎಸ್‌ಗಳನ್ನು ಮಾಡಿದ್ದೇ ನೆಟ್‌ವರ್ಕ್‌ಗೋಸ್ಕರ. ಕೆಲಸ ಮಾಡುವವನು ಯಾವಾಗಲೂ ದೂರದಲ್ಲೇ ಇರುತ್ತಾನೆ, ಬದಲಾಯಿಸುತ್ತಿರೋ ದಾರಿಯ ಮೇಲೇ ನಿಂತಿರುತ್ತಾನೆ ಅಂತ ಅವಕ್ಕೆ ಗೊತ್ತಿರಬೇಕು, ಅಲ್ವಾ? ನೀವು ಕೆಲಸ ಮಾಡುವ ಓಎಸ್ ಇಂಥ ಹೊತ್ತಿನಲ್ಲಿ ಏನು ಮಾಡುತ್ತೆ? ದಯವಿಟ್ಟು ಬಳಸಿ ನೋಡಿದ್ದನ್ನೇ ಬರೆಯಿರಿ.

ಕೇಬಲ್‌ಮನೆ, ಶಿರಾ

ನಾನು ಊರಲ್ಲಿ ಇಂಟರ್ನೆಟ್ ಕೊಡುವವನು. ನಮ್ಮಂಥ ಚಿಕ್ಕವರ ಹತ್ತಿರ ಜಾಸ್ತಿ ಇರೋದು ಮೈಕ್ರೋಟಿಕ್ ರೌಟರ್. ಲ್ಯಾಟ್ವಿಯಾದವರದ್ದು. ಒಳಗೆ ಲಿನಕ್ಸ್ ಕರ್ನಲ್, ಮೇಲೆ ಅವರದೇ ರೌಟರ್‌ಓಎಸ್.

ಅದರಲ್ಲಿ ಸೇಫ್ ಮೋಡ್ ಇದೆ ಗುರುಗಳೇ. ಟರ್ಮಿನಲ್‌ನಲ್ಲಿ ಕಂಟ್ರೋಲ್ ಎಕ್ಸ್ ಒತ್ತಿದರೆ ಪ್ರಾಂಪ್ಟ್ ಪಕ್ಕದಲ್ಲಿ ಸೇಫ್ ಅಂತ ಬರುತ್ತೆ. ಆಮೇಲೆ ಮಾಡಿದ್ದನ್ನೆಲ್ಲ ಅದು ನೆನಪಿಟ್ಟುಕೊಂಡಿರುತ್ತೆ. ಮಧ್ಯೆ ನಿಮ್ಮ ಸೆಷನ್ ಕಡಿದು ಹೋದರೆ ಎಲ್ಲವನ್ನೂ ತಾನೇ ಹಿಂದಕ್ಕೆ ತೆಗೆಯುತ್ತೆ. ಎಲ್ಲ ಸರಿಯಾಗಿದ್ದರೆ ಮತ್ತೆ ಕಂಟ್ರೋಲ್ ಎಕ್ಸ್, ಬದಲಾವಣೆ ಉಳಿಯುತ್ತೆ.

ಎರಡು ವಿಷಯ ನೆನಪಿರಲಿ. ಒಂದು, ಸೆಷನ್ ಸತ್ತಿದೆ ಅಂತ ಅದಕ್ಕೆ ಗೊತ್ತಾಗೋದಕ್ಕೆ ಟಿಸಿಪಿ ಟೈಮ್‌ಔಟ್ ಆಗಬೇಕು, ಕೆಲವು ನಿಮಿಷ ಹಿಡಿಯುತ್ತೆ. ಗಾಬರಿಯಾಗಿ ಬೈಕ್ ಹತ್ತಬೇಡಿ, ಒಂದು ಟೀ ಕುಡಿಯಿರಿ. ಇನ್ನೊಂದು, ಹಿಸ್ಟರಿಯಲ್ಲಿ ಇರೋದು ಕೊನೆಯ 100 ಕೆಲಸ. ದೊಡ್ಡ ಸ್ಕ್ರಿಪ್ಟ್ ಅಂಟಿಸಿ ಅದನ್ನು ದಾಟಿದರೆ ಸೇಫ್ ಮೋಡ್‌ನಿಂದ ತಾನೇ ಆಚೆ ಬರುತ್ತೆ, ಆಮೇಲೆ ಏನೂ ವಾಪಸ್ ಬರಲ್ಲ. ನಾನು ಬೆಟ್ಟದ ಮೇಲಿನ ಟವರ್‌ಗೆ ಹೋಗಿ ಬಂದು ಕಲಿತ ಪಾಠ ಇದು.

ಡಬ್ಲಿನ್‌ಕನ್ನಡಿಗ

ರಾತ್ರಿಪಾಳಿ ಅವರೇ, ಓದುವಾಗ ಹೊಟ್ಟೆ ತೊಳಸಿತು. ಆ 'ಆ್ಯಡ್' ಮರೆಯದ ನೆಟ್‌ವರ್ಕ್ ಎಂಜಿನಿಯರ್‌ನನ್ನು ನಾನಂತೂ ನೋಡಿಲ್ಲ.

ನಾನು ಹದಿನೈದು ವರ್ಷದಿಂದ ಜೂನೋಸ್ (ಜುನಿಪರ್ ಕಂಪನಿಯ ಓಎಸ್) ಮೇಲೆ ಕೆಲಸ ಮಾಡುತ್ತಿದ್ದೇನೆ. ನಿಮ್ಮ ಪ್ರಶ್ನೆಗೆ ಅದು ಕೊಡುವ ಉತ್ತರ ನನಗೆ ತುಂಬಾ ಇಷ್ಟ. ಅಲ್ಲಿ ನೀವು ಹೊಡೆದ ಸಾಲು ತಕ್ಷಣ ಜಾರಿಗೆ ಬರೋದೇ ಇಲ್ಲ. ಕ್ಯಾಂಡಿಡೇಟ್ ಅಂತ ಕಾನ್ಫಿಗ್‌ನ ಒಂದು ಪ್ರತಿ ಇರುತ್ತೆ, ನೀವು ತಿದ್ದುವುದು ಅದನ್ನು. ಓಡುತ್ತಿರೋದು ಓಡುತ್ತಲೇ ಇರುತ್ತೆ. ತಿದ್ದಿ ಮುಗಿದ ಮೇಲೆ 'ಶೋ ಪೈಪ್ ಕಂಪೇರ್' ಅಂತ ಕೊಟ್ಟರೆ, ಸೇರಿದ ಸಾಲಿಗೆ ಪ್ಲಸ್, ಹೋಗುವ ಸಾಲಿಗೆ ಮೈನಸ್ ಹಾಕಿ ತೋರಿಸುತ್ತೆ. ನಿಮ್ಮ ಆ ರಾತ್ರಿ 10, 20, 99ರ ಮುಂದೆ ಮೈನಸ್ ಕಾಣುತ್ತಿತ್ತು. ಕೈ ಅಲ್ಲೇ ನಿಲ್ಲುತ್ತಿತ್ತು.

ಅದಾದ ಮೇಲೆ 'ಕಮಿಟ್ ಕನ್ಫರ್ಮ್ಡ್ 5'. ಬದಲಾವಣೆ ಜಾರಿಗೆ ಬರುತ್ತೆ, ಜೊತೆಗೆ 5 ನಿಮಿಷದ ಗಡಿಯಾರವೂ ಶುರುವಾಗುತ್ತೆ. ಅಷ್ಟರೊಳಗೆ ನೀವು ಇನ್ನೊಂದು ಸಲ ಕಮಿಟ್ ಕೊಟ್ಟರೆ ಉಳಿಯಿತು. ಕೊಡದಿದ್ದರೆ, ಅಂದರೆ ಕೊಡೋಕೆ ನಿಮಗೆ ದಾರಿಯೇ ಇಲ್ಲದಿದ್ದರೆ, ಹಳೇ ಕಾನ್ಫಿಗ್ ತಾನಾಗಿ ಬಂದು ಕೂರುತ್ತೆ. ಸಂಖ್ಯೆ ಹೇಳದಿದ್ದರೆ 10 ನಿಮಿಷ. ಹಳೇ ಕಾನ್ಫಿಗ್‌ಗಳನ್ನೂ ಇಟ್ಟುಕೊಂಡಿರುತ್ತೆ, 0ಯಿಂದ 49ರವರೆಗೆ. 'ರೋಲ್‌ಬ್ಯಾಕ್ 1' ಅಂದರೆ ಹಿಂದಿನದು.

ಗಮನ ಕೊಡಿ, ಅದು ಕಾಯುತ್ತಿರೋದು ನಿಮ್ಮ ಮಾತಿಗೆ. ಮೌನವಾಗಿದ್ದರೆ ಏನೋ ಎಡವಟ್ಟಾಗಿದೆ ಅಂತ ತಿಳಿದುಕೊಳ್ಳುತ್ತೆ. ದೂರದಲ್ಲಿ ಕೂತವನ ಕಷ್ಟ ಗೊತ್ತಿದ್ದವರೇ ಇದನ್ನು ಮಾಡಿರಬೇಕು ಅಂತ ನನಗೆ ಪ್ರತಿ ಸಲ ಅನ್ನಿಸುತ್ತೆ.

ಒಂದು ಎಚ್ಚರಿಕೆ. ಇಬ್ಬರು ಒಂದೇ ಹೊತ್ತಿಗೆ ಮಾಮೂಲಿ ಕಾನ್ಫಿಗರ್ ಮೋಡ್‌ನಲ್ಲಿ ಕೂತರೆ ಇಬ್ಬರಿಗೂ ಕ್ಯಾಂಡಿಡೇಟ್ ಒಂದೇ. ನಾನೊಮ್ಮೆ ಒಂದು ಇಂಟರ್ಫೇಸ್‌ನ ವಿವರಣೆ ಬದಲಿಸಿ ಕಮಿಟ್ ಕೊಟ್ಟೆ. ಸಹೋದ್ಯೋಗಿ ಅರ್ಧ ಬರೆದಿಟ್ಟು ಊಟಕ್ಕೆ ಹೋಗಿದ್ದ ರೌಟಿಂಗ್ ಪಾಲಿಸಿಯೂ ನನ್ನ ಕಮಿಟ್‌ನಲ್ಲೇ ಜಾರಿಯಾಯಿತು. ಅವತ್ತಿನಿಂದ 'ಕಾನ್ಫಿಗರ್ ಪ್ರೈವೇಟ್' (ಪ್ರತಿಯೊಬ್ಬರಿಗೂ ಬೇರೆ ಕ್ಯಾಂಡಿಡೇಟ್) ಬಿಟ್ಟು ಬೇರೆ ಬಳಸಿಲ್ಲ.

ರಾತ್ರಿಪಾಳಿ, ಬೆಂಗಳೂರು

ಪ್ಲಸ್ ಮೈನಸ್ ವಿಷಯ ಓದಿ ಹೊಟ್ಟೆ ಉರಿಯಿತು ಸರ್. ಐಒಎಸ್‌ನಲ್ಲಿ ನಮಗೆ ಹಿರಿಯರು ಹೇಳಿಕೊಟ್ಟದ್ದು 'ರೀಲೋಡ್ ಇನ್ 10'. ಕೆಲಸಕ್ಕೆ ಮುಂಚೆ ಅದನ್ನು ಹೊಡೆದು ಶುರುಮಾಡಬೇಕು. ಕೈತಪ್ಪಿದರೆ 10 ನಿಮಿಷಕ್ಕೆ ಡಬ್ಬವೇ ರೀಬೂಟ್ ಆಗಿ, ಸೇವ್ ಆಗಿದ್ದ ಹಳೇ ಕಾನ್ಫಿಗ್‌ನೊಂದಿಗೆ ಎದ್ದು ಬರುತ್ತೆ. ಸರಿಹೋದರೆ 'ರೀಲೋಡ್ ಕ್ಯಾನ್ಸಲ್'. ಅವತ್ತು ಒಂದು ಸಾಲಿನ ಕೆಲಸ ಅಲ್ವಾ ಅಂತ ಹೊಡೆಯಲಿಲ್ಲ.

ಕಾವೇರಿಕೋಡ್, ಬೆಂಗಳೂರು

ನಾನು ಸ್ವಿಚ್‌ಗಳ ಒಳಗೆ ಓಡುವ ಸಾಫ್ಟ್‌ವೇರ್ ಬರೆಯುವವಳು, ಹಾಗಾಗಿ ಇನ್ನೊಂದು ಕಡೆಯಿಂದ ಹೇಳುತ್ತೇನೆ.

ರಾತ್ರಿಪಾಳಿ, ಐಒಎಸ್‌ನಲ್ಲೂ ನಿಮಗೆ ಬೇಕಾದದ್ದು ಇದೆ, ರೀಬೂಟ್ ಇಲ್ಲದೇನೇ. ಮೊದಲು ಆರ್ಕೈವ್ ಅಂತ ಹೊಡೆದು, ಹಳೇ ಕಾನ್ಫಿಗ್ ಎಲ್ಲಿ ಇಡಬೇಕು ಅಂತ ಫ್ಲ್ಯಾಶ್‌ನಲ್ಲಿ ಒಂದು ಪಾತ್ ಕೊಟ್ಟಿರಬೇಕು. ಆಮೇಲೆ 'ಕಾನ್ಫಿಗರ್ ಟರ್ಮಿನಲ್ ರಿವರ್ಟ್ ಟೈಮರ್ 5' ಅಂತ ಒಳಗೆ ಹೋಗಿ. 5 ನಿಮಿಷದಲ್ಲಿ 'ಕಾನ್ಫಿಗರ್ ಕನ್ಫರ್ಮ್' ಕೊಡದಿದ್ದರೆ ಹಳೆಯದು ವಾಪಸ್. ಆರ್ಕೈವ್ ಪಾತ್ ಮೊದಲೇ ಕೊಡದ ಡಬ್ಬದಲ್ಲಿ ಇದು ಕೆಲಸ ಮಾಡಲ್ಲ. ಎಷ್ಟೋ ಕಡೆ ಆ ಎರಡು ಸಾಲು ಇರೋದೇ ಇಲ್ಲ, ಅದಕ್ಕೇ ಯಾರೂ ಇದನ್ನು ಬಳಸಲ್ಲ.

ಆದರೆ ಹೊಡೆದ ಸಾಲು ಹೊಡೆದ ಕ್ಷಣವೇ ಜಾರಿಯಾಗೋದು ಐಒಎಸ್‌ನ ಹುಟ್ಟುಗುಣ. ಹುಟ್ಟಿದ ಕಾಲ ನೋಡಬೇಕು. ಸಿಸ್ಕೊ ಶುರುವಾದದ್ದು 1984ರ ಡಿಸೆಂಬರ್‌ನಲ್ಲಿ. ಶುರುಮಾಡಿದವರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಭಾಗಗಳಲ್ಲಿ ಕೆಲಸ ಮಾಡುತ್ತಿದ್ದ ಲೆನ್ ಬೊಸಾಕ್ ಮತ್ತು ಸ್ಯಾಂಡಿ ಲರ್ನರ್. ಅವರ ರೌಟರ್‌ನ ಸಾಫ್ಟ್‌ವೇರ್‌ಗೆ ಬುನಾದಿ ವಿಲಿಯಂ ಯೇಗರ್ ಸ್ಟ್ಯಾನ್‌ಫರ್ಡ್‌ನಲ್ಲಿ ಬರೆದಿದ್ದ ಕೋಡ್. 1987ರಲ್ಲಿ ವಿಶ್ವವಿದ್ಯಾಲಯ ಅದಕ್ಕೆ ಲೈಸೆನ್ಸ್ ಕೊಟ್ಟಿತು. ಆ ಕಾಲದ ಡಬ್ಬದಲ್ಲಿ ಮೊಟೊರೊಲ 68000 ಜಾತಿಯ ಪ್ರೊಸೆಸರ್, ಬೆರಳೆಣಿಕೆಯಷ್ಟು ಮೆಮೊರಿ. ಪ್ಯಾಕೆಟ್‌ಗಳನ್ನು ಮುಂದಕ್ಕೆ ಕಳಿಸೋದೂ ಅದೇ ಪ್ರೊಸೆಸರ್. ಒಂದು ಗಳಿಗೆಯನ್ನೂ ವ್ಯರ್ಥ ಮಾಡೋ ಹಾಗಿರಲಿಲ್ಲ.

ಹಾಗಾಗಿ ಹಳೇ ಐಒಎಸ್‌ನಲ್ಲಿ ಎಲ್ಲ ಪ್ರೋಸೆಸ್‌ಗಳಿಗೂ ಮೆಮೊರಿ ಒಂದೇ. ಮಧ್ಯೆ ಗೋಡೆ ಇಲ್ಲ. ಒಂದು ಪ್ರೋಸೆಸ್ ತನ್ನ ಕೆಲಸ ಮುಗಿಸಿ ತಾನಾಗಿ ಜಾಗ ಬಿಡುವ ತನಕ ಇನ್ನೊಂದಕ್ಕೆ ಸರದಿ ಸಿಗಲ್ಲ. ಯಾವುದಾದರೂ ಬಿಡದೆ ಕೂತರೆ ಲಾಗ್‌ನಲ್ಲಿ ಸಿಪಿಯು ಹಾಗ್ ಅಂತ ಬರುತ್ತೆ, ನೀವು ನೋಡಿರುತ್ತೀರಿ. ಒಂದು ಪ್ರೋಸೆಸ್ ಇನ್ನೊಂದರ ಮೆಮೊರಿಯಲ್ಲಿ ಕೈ ಹಾಕಿದರೆ ಇಡೀ ರೌಟರ್ ಬೀಳುತ್ತೆ. ವೇಗಕ್ಕೋಸ್ಕರ ಮಾಡಿಕೊಂಡ ಒಪ್ಪಂದ ಅದು, ಆ ಕಾಲಕ್ಕೆ ಸರಿಯೇ. ಆಮೇಲೆ ಬಂದ ಐಒಎಸ್ ಎಕ್ಸ್‌ಇನಲ್ಲಿ ಕೆಳಗೆ ಲಿನಕ್ಸ್ ಇದೆ, ಹಳೇ ಐಒಎಸ್ ಅದರ ಮೇಲೆ ಒಂದು ಪ್ರೋಸೆಸ್ ಆಗಿ ಓಡುತ್ತೆ. ದೊಡ್ಡ ರೌಟರ್‌ಗಳ ಐಒಎಸ್ ಎಕ್ಸ್‌ಆರ್‌ನಲ್ಲಂತೂ ಜೂನೋಸ್ ಥರವೇ ಕಮಿಟ್ ಇದೆ.

ಬಿಸಿಎ ದಾವಣಗೆರೆ

ಮಧ್ಯೆ ಬಂದದ್ದಕ್ಕೆ ಕ್ಷಮಿಸಿ. ನಾನು ಮೂರನೇ ವರ್ಷದ ವಿದ್ಯಾರ್ಥಿನಿ. ನಮ್ಮ ಪುಸ್ತಕದಲ್ಲಿ ನೆಟ್‌ವರ್ಕ್ ಆಪರೇಟಿಂಗ್ ಸಿಸ್ಟಮ್ ಅಂದರೆ ನೊವೆಲ್ ನೆಟ್‌ವೇರ್, ವಿಂಡೋಸ್ ಎನ್‌ಟಿ ಸರ್ವರ್ ಅಂತ ಇದೆ. ನೀವೆಲ್ಲ ಐಒಎಸ್, ಜೂನೋಸ್ ಅಂತಿದ್ದೀರಿ. ಎರಡೂ ಒಂದೇನಾ? ಪರೀಕ್ಷೆಯಲ್ಲಿ ಒಂದು, ಇಂಟರ್‌ವ್ಯೂನಲ್ಲಿ ಇನ್ನೊಂದು ಬರೆಯಬೇಕಾ?

ಹಳೇಹುಬ್ಬಳ್ಳಿ

ತಂಗೀ, ಛಲೋ ಪ್ರಶ್ನೆ ಕೇಳಿದೆ. ನೆಟ್‌ವೇರ್ ಹೆಸರು ಇಲ್ಲಿ ಓದಿ ಎಷ್ಟೋ ವರ್ಷ ಆಗಿತ್ತು. ನಾನು ಹುಬ್ಬಳ್ಳಿಯ ಒಂದು ಆಫೀಸಿನಲ್ಲಿ 1993ರಿಂದ ನೆಟ್‌ವೇರ್ 3.11 ನೋಡಿಕೊಂಡವನು. ಸ್ವಲ್ಪ ಉದ್ದ ಬರೆಯುತ್ತೇನೆ.

ಹೆಸರು ಒಂದೇ, ಕೆಲಸ ಬೇರೆ. ಪುಸ್ತಕದ ಅರ್ಥ ಹಳೆಯದು. ಆಗ ಮೇಜಿನ ಮೇಲೆ ಇರುತ್ತಿದ್ದದ್ದು ಡಾಸ್. ಡಾಸ್‌ಗೆ ಪಕ್ಕದ ಕಂಪ್ಯೂಟರ್ ಇದೆ ಅನ್ನೋದೇ ಗೊತ್ತಿರಲಿಲ್ಲ. ಹತ್ತು ಜನ ಒಂದೇ ಫೈಲು, ಒಂದೇ ಪ್ರಿಂಟರ್ ಬಳಸಬೇಕು ಅಂದರೆ ಅದಕ್ಕಂತಲೇ ಒಂದು ಓಎಸ್ ಬೇಕಿತ್ತು. ಅಮೆರಿಕದ ಯೂಟಾದ ನೊವೆಲ್ ಕಂಪನಿ 1983ರಲ್ಲಿ ಅದನ್ನು ತಂದಿತು. ಅದರ ಸರ್ವರ್ ಮುಂದೆ ಕೂತು ಯಾರೂ ಪತ್ರ ಟೈಪ್ ಮಾಡೋ ಹಾಗಿಲ್ಲ. ಫೈಲು ಕೊಡು, ಪ್ರಿಂಟು ಕೊಡು, ಯಾರಿಗೆ ಏನು ಹಕ್ಕು ಅಂತ ನೋಡು, ಅಷ್ಟೇ ಅದರ ಕೆಲಸ.

ನಮ್ಮಲ್ಲಿ ಒಂದು ಸರ್ವರ್, ಹದಿನಾಲ್ಕು ನೋಡ್ (ಜನ ಕೂತು ಕೆಲಸ ಮಾಡುವ ಕಂಪ್ಯೂಟರ್). ನೋಡ್‌ಗಳಿಗೆ ಹಾರ್ಡ್ ಡಿಸ್ಕೇ ಇರಲಿಲ್ಲ. ನೆಟ್‌ವರ್ಕ್ ಕಾರ್ಡಿನಲ್ಲಿ ಬೂಟ್ ರೋಮ್ ಚಿಪ್, ಸರ್ವರ್‌ನಿಂದಲೇ ಎದ್ದೇಳುತ್ತಿದ್ದವು. ಎಲ್ಲವನ್ನೂ ಪೋಣಿಸಿದ್ದು ಒಂದೇ ಕಪ್ಪು ಕೋಆಕ್ಸ್ ಕೇಬಲ್, ಎರಡು ತುದಿಗೂ 50 ಓಮ್ ಟರ್ಮಿನೇಟರ್. ಕಸ ಹೊಡೆಯುವಾಗ ಒಂದು ಟರ್ಮಿನೇಟರ್ ಸಡಿಲ ಆದರೂ ಹದಿನಾಲ್ಕೂ ನಿಲ್ಲುತ್ತಿದ್ದವು.

ಬೆಳಗ್ಗೆ ಸರ್ವರ್‌ನಲ್ಲಿ ಮೊದಲು ಡಾಸ್ ಏಳುತ್ತಿತ್ತು. ಸರ್ವರ್ ಅಂತ ಟೈಪ್ ಮಾಡಿದರೆ ನೆಟ್‌ವೇರ್ ಮೇಲೆ ಬಂದು ಡಾಸ್ ಅನ್ನು ಪಕ್ಕಕ್ಕೆ ಸರಿಸುತ್ತಿತ್ತು. ಆಮೇಲೆ ಪರದೆಯ ಮೇಲೆ ಒಂದು ಕೋಲನ್ ಚಿಹ್ನೆ, ಅದೇ ಪ್ರಾಂಪ್ಟ್. ಸಂಜೆ ಡೌನ್ ಅಂತ ಹೊಡೆಯದೆ ಸ್ವಿಚ್ ಆರಿಸೋ ಹಾಗಿಲ್ಲ. ಯಾಕಂದರೆ ಬರೆಯಬೇಕಾದ ಡೇಟಾ ಮೆಮೊರಿಯಲ್ಲಿ ಇನ್ನೂ ಕೂತಿರುತ್ತಿತ್ತು. ಕಾವೇರಿ ಮೇಡಂ ಹೇಳಿದ 'ವೇಗದ ಒಪ್ಪಂದ' ಓದಿ ನನಗೆ ಅದೇ ನೆನಪಾಯಿತು. ನೆಟ್‌ವೇರ್ 3ರಲ್ಲಿ ಎನ್‌ಎಲ್‌ಎಂ ಅಂತ ಮಾಡ್ಯೂಲ್‌ಗಳು ಇದ್ದವು. ಅವಕ್ಕೂ ನಡುವೆ ಗೋಡೆ ಇರಲಿಲ್ಲ, ತಾನಾಗಿ ಜಾಗ ಬಿಡುವ ಲೆಕ್ಕವೇ. ಬ್ಯಾಕಪ್‌ನ ಎನ್‌ಎಲ್‌ಎಂ ಒಂದು ತಪ್ಪು ಮಾಡಿದರೆ ಪರದೆಯ ಮೇಲೆ ಅಬೆಂಡ್, ಇಡೀ ಸರ್ವರ್ ಬಿತ್ತು. ಒಂದು ಫೈಲು ಹಂಚುವ ಓಎಸ್, ಇನ್ನೊಂದು ಪ್ಯಾಕೆಟ್ ಕಳಿಸುವ ಓಎಸ್, ಎರಡರ ಎಲುಬಿನ ಗೂಡು ಒಂದೇ ಥರ.

ಈಗ ರಾತ್ರಿಪಾಳಿ ಕೇಳಿದ ಪ್ರಶ್ನೆಗೆ ಬರುತ್ತೇನೆ. ನಮ್ಮ ದೊಡ್ಡ ವೈರಿ ಕರೆಂಟು. ಒಂದು ಸಲ ಸಂಬಳದ ದಿನ, ಫಾಕ್ಸ್‌ಪ್ರೊ ಡೇಟಾಬೇಸ್‌ನಲ್ಲಿ ಲೆಕ್ಕ ಓಡುತ್ತಿತ್ತು. ಕರೆಂಟು ಹೋಯಿತು, ಯುಪಿಎಸ್ ಬ್ಯಾಟರಿ ಕೈ ಕೊಟ್ಟಿತು. ಮತ್ತೆ ಚಾಲೂ ಮಾಡಿದಾಗ ವಾಲ್ಯೂಮ್ (ಡಿಸ್ಕಿನಲ್ಲಿ ಫೈಲುಗಳಿರುವ ಭಾಗ) ಮೌಂಟ್ ಆಗಲೊಲ್ಲದು. ವಿರಿಪೇರ್ ಅಂತ ಅದನ್ನು ರಿಪೇರಿ ಮಾಡುವ ಪ್ರೋಗ್ರಾಂ ಓಡಿಸಿದೆವು, ತಪ್ಪುಗಳ ಪಟ್ಟಿ ಪರದೆ ತುಂಬಾ ಹರಿಯಿತು, ಅದು ಮುಗಿಯುವ ತನಕ ಯಾರೂ ಮಾತಾಡಲಿಲ್ಲ. ಮೌಂಟ್ ಆದ ಮೇಲೆ ಅದು ಕೇಳಿತು: ಅರ್ಧಕ್ಕೆ ನಿಂತ ಟ್ರಾನ್ಸಾಕ್ಷನ್‌ಗಳಿವೆ, ಹಿಂದಕ್ಕೆ ತೆಗೆಯಲೇ? ಟಿಟಿಎಸ್ ಅಂತ ಅದರ ಹೆಸರು. ಯಾವ ಫೈಲಿಗೆ ಟ್ರಾನ್ಸಾಕ್ಷನಲ್ ಗುರುತು ಹಾಕಿರುತ್ತೀರೋ ಅದರಲ್ಲಿ ಬರೆಯುವ ಮುಂಚೆ ಹಳೆಯದನ್ನು ಒಂದು ಕಡೆ ಇಟ್ಟುಕೊಂಡಿರುತ್ತಿತ್ತು. ಅರ್ಧ ಆದದ್ದು ಬೇಡ, ಆದರೆ ಪೂರ್ತಿ ಆಗಲಿ, ಇಲ್ಲ ಮೊದಲಿನಂತಿರಲಿ. ಹೌದು ಅಂತ ಒತ್ತಿದೆವು. ಸಂಬಳದ ಫೈಲು ಮುಂಜಾನೆಯ ಸ್ಥಿತಿಗೆ ಬಂದು ನಿಂತಿತು. ಮತ್ತೆ ಮೊದಲಿನಿಂದ ಲೆಕ್ಕ ಓಡಿಸಿ ಮರುದಿನ ಸಂಬಳ ಕೊಟ್ಟೆವು.

ಡಬ್ಲಿನ್ ಅವರ 'ಕಮಿಟ್ ಕನ್ಫರ್ಮ್ಡ್' ಓದಿದಾಗ ಇದು ನನಗೆ ಗೊತ್ತಿರುವ ಮುಖ ಅನ್ನಿಸಿತು.

ಪರೀಕ್ಷೆಯಲ್ಲಿ ಪುಸ್ತಕದ್ದು ಬರೆ ತಂಗೀ. ಇಂಟರ್‌ವ್ಯೂನಲ್ಲಿ ಎರಡನ್ನೂ ಹೇಳು.

ಬಿಸಿಎ ದಾವಣಗೆರೆ

ಸರ್, ಇಷ್ಟು ಚೆನ್ನಾಗಿ ಯಾರೂ ಹೇಳಿರಲಿಲ್ಲ. ನೆಟ್‌ವೇರ್ ಯಾಕೆ ಹೋಯಿತು?

ಹಳೇಹುಬ್ಬಳ್ಳಿ

ಒಂದೇ ಕಾರಣ ಅಲ್ಲ. ನೆಟ್‌ವೇರ್ ಮಾತಾಡುತ್ತಿದ್ದದ್ದು ತನ್ನದೇ ಐಪಿಎಕ್ಸ್ ಭಾಷೆ. ಬಹಳ ಸುಲಭ, ನೋಡ್‌ಗೆ ವಿಳಾಸ ಹಾಕೋ ತಾಪತ್ರಯವೇ ಇಲ್ಲ, ಕಾರ್ಡಿನ ಮ್ಯಾಕ್ ವಿಳಾಸವೇ ವಿಳಾಸ. ಆದರೆ ಪ್ರತಿ ಸರ್ವರ್ 60 ಸೆಕೆಂಡಿಗೊಮ್ಮೆ 'ನಾನಿದ್ದೇನೆ' ಅಂತ ಕೂಗುತ್ತಿತ್ತು. ಒಂದು ಕಟ್ಟಡದಲ್ಲಿ ಸರಿ, ಊರಿಂದ ಊರಿಗೆ ನಿಧಾನದ ಲೈನ್‌ನಲ್ಲಿ ಆ ಕೂಗೇ ತುಂಬಿಕೊಳ್ಳುತ್ತಿತ್ತು. ಅಷ್ಟರಲ್ಲಿ ಇಂಟರ್ನೆಟ್ ಬಂತು, ಎಲ್ಲರಿಗೂ ಐಪಿ ಬೇಕಾಯಿತು. ನೆಟ್‌ವೇರ್ ಪೂರ್ತಿ ಐಪಿಗೆ ಬಂದದ್ದು 1998ರ 5ನೇ ಆವೃತ್ತಿಯಲ್ಲಿ. ಆ ಹೊತ್ತಿಗೆ ಎನ್‌ಟಿ ಎಲ್ಲ ಕಡೆ ಕೂತಾಗಿತ್ತು. ಅದರಲ್ಲಿ ಡೇಟಾಬೇಸು, ಬೇರೆ ಪ್ರೋಗ್ರಾಂ ಎಲ್ಲ ಸಲೀಸಾಗಿ ಓಡುತ್ತಿತ್ತು.

ಕಾವೇರಿಕೋಡ್, ಬೆಂಗಳೂರು

ಹುಬ್ಬಳ್ಳಿ ಸರ್, ಟಿಟಿಎಸ್ ವಿಷಯ ನನಗೆ ಗೊತ್ತಿರಲಿಲ್ಲ. ಧನ್ಯವಾದ. ಅದನ್ನು ಹಿಡಿದುಕೊಂಡೇ ಒಂದು ಮಾತು ಮುಂದುವರಿಸುತ್ತೇನೆ.

ದಾವಣಗೆರೆಯ ತಂಗಿಗೆ: ಐಒಎಸ್, ಜೂನೋಸ್ ಥರದ ಓಎಸ್‌ನಲ್ಲಿ ಎರಡು ಭಾಗ ಇರುತ್ತೆ. ಪ್ಯಾಕೆಟ್ ಯಾವ ದಾರಿಯಲ್ಲಿ ಹೋಗಬೇಕು ಅಂತ ನಿರ್ಧರಿಸೋದು ಒಂದು, ಅದು ಪ್ರೊಸೆಸರ್ ಮೇಲೆ ಓಡುತ್ತೆ. ನಿಜವಾಗಿ ಪ್ಯಾಕೆಟ್ ಎತ್ತಿ ಕಳಿಸೋದು ಇನ್ನೊಂದು, ಈಗಿನ ದೊಡ್ಡ ಡಬ್ಬಗಳಲ್ಲಿ ಅದಕ್ಕೆ ಬೇರೆ ಚಿಪ್ಪೇ ಇದೆ. ಜುನಿಪರ್‌ನವರು 1998ರಲ್ಲಿ ತಂದ ಎಂ40 ರೌಟರ್‌ನಲ್ಲಿ ಇವೆರಡನ್ನೂ ಖಡಾಖಂಡಿತ ಬೇರೆ ಮಾಡಿದರು. ಮೇಲೆ ಫ್ರೀಬಿಎಸ್‌ಡಿ ಆಧಾರದ ಜೂನೋಸ್, ಕೆಳಗೆ ಪ್ಯಾಕೆಟ್ ಚಿಪ್ಪುಗಳು.

ಇದನ್ನು ಮನೆಯಲ್ಲೇ ನೋಡಬಹುದು. ಟ್ರೇಸ್‌ರೂಟ್ (ದಾರಿಯಲ್ಲಿ ಸಿಗುವ ರೌಟರ್‌ಗಳನ್ನು ಒಂದೊಂದಾಗಿ ತೋರಿಸುವ ಕಮಾಂಡ್) ಹೊಡೆದಾಗ ಮಧ್ಯದ ಒಂದು ರೌಟರ್ 150 ಮಿಲಿಸೆಕೆಂಡ್ ತೋರಿಸುತ್ತೆ, ಕೊನೆಯದು 30 ತೋರಿಸುತ್ತೆ. ಜನ ಆ ಮಧ್ಯದ್ದೇ ನಿಧಾನ ಅಂತ ದೂರು ಕೊಡುತ್ತಾರೆ. ಆದರೆ ದಾಟಿ ಹೋಗೋ ಪ್ಯಾಕೆಟ್ ಚಿಪ್ಪಿನಲ್ಲಿ ಹೋಗುತ್ತೆ. ನಿಮ್ಮ ಟ್ರೇಸ್‌ರೂಟ್‌ಗೆ ಉತ್ತರ ಬರೆಯಬೇಕಾದ್ದು ಪ್ರೊಸೆಸರ್, ಅದಕ್ಕೆ ಬೇರೆ ಮುಖ್ಯ ಕೆಲಸ ಇರುತ್ತೆ, ಬಿಡುವಾದಾಗ ಉತ್ತರ ಕೊಡುತ್ತೆ. ಕೊನೆಯದು ಬೇಗ ಬಂದಿದ್ದರೆ ದಾರಿ ಚೆನ್ನಾಗಿಯೇ ಇದೆ.

ಈಗ ನಾನು ದಿನಾ ನೋಡುವ ಸೋನಿಕ್ ಅನ್ನೋ ಸ್ವಿಚ್ ಓಎಸ್ ಬಗ್ಗೆ. ಮೈಕ್ರೋಸಾಫ್ಟ್‌ನವರು ತಮ್ಮ ಡೇಟಾ ಸೆಂಟರ್‌ಗಳಿಗೆ ಮಾಡಿ 2016ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟರು, 2022ರಿಂದ ಲಿನಕ್ಸ್ ಫೌಂಡೇಶನ್‌ನಲ್ಲಿದೆ. ಕೆಳಗೆ ಡೆಬಿಯನ್ ಲಿನಕ್ಸ್. ಮೇಲೆ ಒಂದೊಂದು ಕೆಲಸಕ್ಕೆ ಒಂದೊಂದು ಡಾಕರ್ ಕಂಟೇನರ್ (ಪ್ರೋಗ್ರಾಂ ಅನ್ನು ಬೇರೆಯಾಗಿ ಇಡುವ ಪೆಟ್ಟಿಗೆ), ಬಿಜಿಪಿಗೆ (ನೆಟ್‌ವರ್ಕ್‌ಗಳು ಒಂದಕ್ಕೊಂದು ದಾರಿ ಹೇಳುವ ಭಾಷೆ) ಒಂದು, ಎಲ್‌ಎಲ್‌ಡಿಪಿಗೆ (ಪಕ್ಕದ ಡಬ್ಬ ಯಾವುದು ಅಂತ ತಿಳಿಸುವ ಭಾಷೆ) ಒಂದು. ಇವು ಒಂದಕ್ಕೊಂದು ನೇರ ಮಾತಾಡೋದು ಕಡಿಮೆ. ಮಧ್ಯೆ ರೆಡಿಸ್ ಡೇಟಾಬೇಸ್ ಕೂತಿದೆ. ನೀವು ವಿಲ್ಯಾನ್ ಸೇರಿಸಿದರೆ ಅದು ಮೊದಲು ಕಾನ್ಫಿಗ್ ಡಿಬಿಯಲ್ಲಿ ಒಂದು ಸಾಲಾಗುತ್ತೆ. ಅದನ್ನು ಒಂದು ಪ್ರೋಸೆಸ್ ಓದಿ ಆಪ್ ಡಿಬಿಗೆ ಬರೆಯುತ್ತೆ, ಅದನ್ನು ಇನ್ನೊಂದು ಓದಿ ಏಸಿಕ್ (ಅಂದರೆ ಪ್ಯಾಕೆಟ್ ಚಿಪ್ಪಿನ) ಡಿಬಿಗೆ. ಕೊನೆಗೆ ಸಿಂಕ್‌ಡಿ ಅನ್ನೋದು ಅದನ್ನು ಚಿಪ್ಪಿಗೆ ಮುಟ್ಟಿಸುತ್ತೆ. ಎಲ್ಲಿ ನಿಂತಿದೆ ಅಂತ ಹುಡುಕೋವಾಗ ನಾನು ಒಂದೊಂದು ಡಿಬಿ ತೆರೆದು ನೋಡುತ್ತಾ ಹೋಗುತ್ತೇನೆ. ಪೋಸ್ಟ್‌ನಲ್ಲಿ ಕಳೆದ ಪಾರ್ಸೆಲ್ ಯಾವ ಊರಿನವರೆಗೆ ಬಂದಿದೆ ಅಂತ ನೋಡಿದ ಹಾಗೆ.

ಅರಿಸ್ಟಾ ಕಂಪನಿಯ ಸ್ವಿಚ್ ಓಎಸ್ ಇಒಎಸ್‌ನಲ್ಲೂ ಇದೇ ಯೋಚನೆ, ಅಲ್ಲಿ ಸಿಸ್‌ಡಿಬಿ ಅಂತ ಹೆಸರು. ಒಂದು ಏಜೆಂಟ್ (ಒಂದು ಕೆಲಸ ಮಾಡುವ ಪ್ರೋಸೆಸ್) ಸತ್ತರೆ ಮತ್ತೆ ಎದ್ದು, ತಾನು ಎಲ್ಲಿ ಬಿಟ್ಟಿದ್ದೆ ಅಂತ ಡಿಬಿಯಲ್ಲಿ ಓದಿಕೊಂಡು ಮುಂದುವರಿಯುತ್ತೆ. ಅಬೆಂಡ್ ಆಗಿ ಎಲ್ಲವೂ ಬೀಳೋ ಕಾಲದಿಂದ ಇಲ್ಲಿಗೆ ಬಂದಿದ್ದೇವೆ. ಇಒಎಸ್‌ನಲ್ಲಿ ಕಾನ್ಫಿಗ್ ಸೆಷನ್ ತೆರೆದು ಟೈಮರ್ ಇಟ್ಟು ಕಮಿಟ್ ಮಾಡಬಹುದು. ಸೋನಿಕ್‌ನಲ್ಲಿ ಚೆಕ್‌ಪಾಯಿಂಟ್, ರೋಲ್‌ಬ್ಯಾಕ್ ಇದೆ.

ಕೇಬಲ್‌ಮನೆ, ಶಿರಾ

ಎಲ್ಲ ಸರಿ, ಒಂದು ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. ಟೈಮರ್ ನಂಬಿಕೊಂಡು ಕೂರಬೇಡಿ. ಟೈಮರ್ ಓಡೋದು ಅದೇ ಡಬ್ಬದೊಳಗೆ. ಅಪ್‌ಗ್ರೇಡ್ ಮಾಡುವಾಗ ಡಬ್ಬವೇ ಏಳದಿದ್ದರೆ? ಫ್ಲ್ಯಾಶ್ ಕೆಟ್ಟರೆ? ನಾನು ಮುಖ್ಯವಾದ ಪ್ರತಿ ಜಾಗದಲ್ಲಿ ಕನ್ಸೋಲ್ ಪೋರ್ಟ್‌ಗೆ (ನೆಟ್‌ವರ್ಕ್ ಇಲ್ಲದೆಯೂ ಡಬ್ಬಕ್ಕೆ ನೇರ ಲಾಗಿನ್ ಆಗುವ ಜಾಗ) ಒಂದು ಕೇಬಲ್ ಹಾಕಿ, ಅದನ್ನು 4ಜಿ ಸಿಮ್ ಇರೋ ಒಂದು ಚಿಕ್ಕ ಡಬ್ಬಕ್ಕೆ ಕೊಟ್ಟಿದ್ದೇನೆ. ಅದರಲ್ಲಿ ಓಪನ್‌ಡಬ್ಲ್ಯುಆರ್‌ಟಿ ಅನ್ನೋ ಲಿನಕ್ಸ್ ಓಡುತ್ತೆ. ನನ್ನ ಫೈಬರ್ ಹೋದರೂ ಆ ದಾರಿ ಇರುತ್ತೆ. ಸಿಮ್ ಮಾತ್ರ ಬೇರೆ ಕಂಪನಿಯದ್ದು ಹಾಕಿ.

ಡಬ್ಲಿನ್‌ಕನ್ನಡಿಗ

ನಿಮ್ಮ ಮಾತು ನೂರಕ್ಕೆ ನೂರು ಸರಿ, ಅದಕ್ಕೆ ದೊಡ್ಡ ಸಾಕ್ಷಿಯೇ ಇದೆ.

2021ರ ಅಕ್ಟೋಬರ್ 4. ಫೇಸ್‌ಬುಕ್, ವಾಟ್ಸ್ಆ್ಯಪ್, ಇನ್‌ಸ್ಟಾಗ್ರಾಂ ಸುಮಾರು 6 ಗಂಟೆ ಇರಲಿಲ್ಲ, ನೆನಪಿದೆಯಲ್ಲ? ಅವರೇ ಆಮೇಲೆ ಬರೆದರು. ಬ್ಯಾಕ್‌ಬೋನ್‌ನ (ಡೇಟಾ ಸೆಂಟರ್‌ಗಳನ್ನು ಜೋಡಿಸುವ ಮುಖ್ಯ ನೆಟ್‌ವರ್ಕ್) ಸಾಮರ್ಥ್ಯ ಅಳೆಯೋಕೆ ಕೊಟ್ಟ ಒಂದು ಕಮಾಂಡ್ ಬ್ಯಾಕ್‌ಬೋನ್‌ನ ಎಲ್ಲ ಲಿಂಕ್‌ಗಳನ್ನೂ ಬೀಳಿಸಿತು. ಅಂಥ ಕಮಾಂಡ್ ತಡೆಯಬೇಕಿದ್ದ ತಪಾಸಣೆಯ ಟೂಲ್‌ನಲ್ಲೇ ಬಗ್ ಇತ್ತು. ಡೇಟಾ ಸೆಂಟರ್ ಕಾಣದಾದಾಗ ಅವರ ಡಿಎನ್‌ಎಸ್ ಸರ್ವರ್‌ಗಳು (ಹೆಸರಿಗೆ ವಿಳಾಸ ಹೇಳುವವು) ತಮ್ಮ ಬಿಜಿಪಿ ಘೋಷಣೆಗಳನ್ನು ತಾವೇ ಹಿಂತೆಗೆದುಕೊಂಡವು. ಪ್ರತ್ಯೇಕವಾಗಿ ಇಟ್ಟಿದ್ದ ಔಟ್ ಆಫ್ ಬ್ಯಾಂಡ್ ನೆಟ್‌ವರ್ಕ್ ಕೂಡ ಸಿಗಲಿಲ್ಲ. ಕೊನೆಗೆ ಮನುಷ್ಯರನ್ನೇ ಡೇಟಾ ಸೆಂಟರ್‌ಗೆ ಕಳಿಸಬೇಕಾಯಿತು.

2022ರ ಜುಲೈ 8ರಂದು ಕೆನಡಾದ ರೋಜರ್ಸ್ ಟೆಲಿಕಾಂ ಕಂಪನಿಯಲ್ಲೂ ಹಾಗೇ. ಒಂದು ಫಿಲ್ಟರ್ ತೆಗೆದ ಕಾನ್ಫಿಗ್ ಬದಲಾವಣೆಯಿಂದ ಕೋರ್ ರೌಟರ್‌ಗಳ ಮೇಲೆ ತಡೆಯಲಾಗದಷ್ಟು ರೂಟ್‌ಗಳು ಬಿದ್ದವು. 1 ಕೋಟಿ 20 ಲಕ್ಷಕ್ಕೂ ಹೆಚ್ಚು ಗ್ರಾಹಕರಿಗೆ ಫೋನು, ಇಂಟರ್ನೆಟ್ ಇಲ್ಲ. ರಿಪೇರಿಗೆ ಬೇಕಾದ ಮ್ಯಾನೇಜ್‌ಮೆಂಟ್ ನೆಟ್‌ವರ್ಕ್ ಅದೇ ಕೋರ್ ಮೇಲೆ ನಿಂತಿತ್ತು. ರಾತ್ರಿಪಾಳಿ, ನಿಮ್ಮ 99 ಅದೇ ಟ್ರಂಕ್ ಮೇಲೆ ಇದ್ದ ಹಾಗೆ.

ಆದರೂ ನಾನು ಟೈಮರ್ ಬಿಡಲ್ಲ. ಕನ್ಸೋಲ್ ಇದ್ದರೂ ಲಾಗಿನ್ ಆಗಿ ಸರಿಮಾಡೋಕೆ ಹತ್ತು ನಿಮಿಷ ಬೇಕು. ಟೈಮರ್ ಅಷ್ಟರಲ್ಲಿ ಕೆಲಸ ಮುಗಿಸಿರುತ್ತೆ.

ಬಿಸಿಎ ದಾವಣಗೆರೆ

ಇದನ್ನೆಲ್ಲ ದುಡ್ಡಿಲ್ಲದೆ ಮನೆಯಲ್ಲಿ ಮಾಡಿ ನೋಡೋದು ಹೇಗೆ? ನನ್ನ ಲ್ಯಾಪ್‌ಟಾಪ್‌ನಲ್ಲಿ 8 ಜಿಬಿ ರ‍್ಯಾಮ್ ಇದೆ.

ಕಾವೇರಿಕೋಡ್, ಬೆಂಗಳೂರು

ಸಾಕು. ಲಿನಕ್ಸ್ ಹಾಕಿಕೊಂಡು ಎಫ್‌ಆರ್‌ಆರ್ ಅನ್ನೋ ರೌಟಿಂಗ್ ಸಾಫ್ಟ್‌ವೇರ್ ಇನ್‌ಸ್ಟಾಲ್ ಮಾಡು. ಅದರ ವಿಟಿವೈ ಶೆಲ್ ಐಒಎಸ್ ಥರವೇ ಇರುತ್ತೆ, ಸೋನಿಕ್‌ನಲ್ಲಿ ಬಿಜಿಪಿ ಓಡಿಸೋದೂ ಅದೇ. ಕಮಿಟ್ ಕನ್ಫರ್ಮ್ ಅಭ್ಯಾಸ ಮಾಡೋಕೆ ವೈಓಎಸ್ ಅನ್ನೋ ರೌಟರ್ ಓಎಸ್ ತಗೋ, ಡೆಬಿಯನ್ ಮೇಲೆ ಕಟ್ಟಿದ್ದು, ಒಂದು ಸಣ್ಣ ವರ್ಚುವಲ್ ಮೆಷಿನ್ ಆಗಿ ಓಡುತ್ತೆ. ಬೇಕಂತಲೇ ನಿನ್ನ ಸೆಷನ್ ನೀನೇ ಕಡಿದುಕೊಂಡು, ಏನೂ ಮಾಡದೆ ಕಾದು ನೋಡು. ತಪ್ಪನ್ನು ಮೊದಲು ಅಲ್ಲಿ ಮಾಡೋದು ಒಳ್ಳೇದು.

ರಾತ್ರಿಪಾಳಿ, ಬೆಂಗಳೂರು

ಎಲ್ಲರಿಗೂ ಏನು ಹೇಳಲಿ. ಮೂರು ದಿನ ಆದ ಮೇಲೆ ಬರೆಯುತ್ತಿದ್ದೇನೆ, ಯಾಕಂದರೆ ಮಾಡಿ ನೋಡಿದ ಮೇಲೇ ಬರೆಯಬೇಕು ಅಂತ ಇತ್ತು.

ಆಫೀಸಿನ ಸ್ಟೋರ್‌ನಲ್ಲಿ ಅದೇ ಮಾಡೆಲ್‌ನ ಹಳೇ ಸ್ವಿಚ್ ಇತ್ತು. ಆರ್ಕೈವ್ ಪಾತ್ ಹಾಕಿದೆ. ಲ್ಯಾಪ್‌ಟಾಪ್‌ನಿಂದ ವಿಲ್ಯಾನ್ 99ರ ವಿಳಾಸಕ್ಕೆ ಪಿಂಗ್ ಓಡಿಸಿಟ್ಟು, ರಿವರ್ಟ್ ಟೈಮರ್ 5 ಇಟ್ಟು, ಅದೇ ತಪ್ಪು ಸಾಲನ್ನು ಬೇಕಂತಲೇ ಹೊಡೆದೆ. ಪಿಂಗ್ ನಿಂತಿತು. ಪಕ್ಕದಲ್ಲಿ ಹೊಸದಾಗಿ ಸೇರಿದ ಇಬ್ಬರು ಹುಡುಗರನ್ನೂ ಕೂರಿಸಿಕೊಂಡಿದ್ದೆ. ಮೂವರೂ ಪರದೆ ನೋಡುತ್ತಾ ಕೂತೆವು. ಟೈಮ್‌ಔಟ್, ಟೈಮ್‌ಔಟ್, ಟೈಮ್‌ಔಟ್. ಐದು ನಿಮಿಷ ದಾಟಿತು. ಇನ್ನೂ ಎರಡು ಟೈಮ್‌ಔಟ್, ಆಮೇಲೆ ರಿಪ್ಲೈ. ಒಬ್ಬ ಹುಡುಗ ಚಪ್ಪಾಳೆ ಹೊಡೆದ.

ಒಂದು ಗಮನಿಸಿದೆ. ಟ್ರಂಕ್ ಪಟ್ಟಿ ಮೊದಲಿನಂತಾಯಿತು, ಆದರೆ ನಾನು ಹೊಸದಾಗಿ ಮಾಡಿದ್ದ ವಿಲ್ಯಾನ್ 30 ಹಾಗೇ ಉಳಿದಿತ್ತು. ನಮ್ಮ ಸ್ವಿಚ್ ವಿಟಿಪಿ (ಸ್ವಿಚ್‌ಗಳ ನಡುವೆ ವಿಲ್ಯಾನ್ ಪಟ್ಟಿ ಹಂಚುವ ವ್ಯವಸ್ಥೆ) ಸರ್ವರ್ ಮೋಡ್‌ನಲ್ಲಿದೆ, ವಿಲ್ಯಾನ್‌ಗಳ ಪಟ್ಟಿ ಕಾನ್ಫಿಗ್‌ನಲ್ಲಿ ಇರಲ್ಲ, ಫ್ಲ್ಯಾಶ್‌ನ ಬೇರೆ ಫೈಲಿನಲ್ಲಿರುತ್ತೆ. ಅದನ್ನು ಕೈಯಲ್ಲೇ ತೆಗೆಯಬೇಕು. ಇದನ್ನು ಅಳವಡಿಸುವವರು ನೆನಪಿಟ್ಟುಕೊಳ್ಳಿ.

ನಿನ್ನೆ ರಾತ್ರಿ ಕಲಬುರಗಿಯ ಕೆಲಸ ಮತ್ತೆ ಸಿಕ್ಕಿತು. ಈ ಸಲ ಕೀ ಮೊದಲೇ ವಾಚ್‌ಮನ್ ಕಾಕಾ ಹತ್ತಿರ ಇಡಿಸಿದ್ದೆ. ಟೈಮರ್ ಇಟ್ಟೆ, ಸಾಲನ್ನು ನೋಟ್‌ಪ್ಯಾಡ್‌ನಲ್ಲಿ ಬರೆದು, ಸಹೋದ್ಯೋಗಿಗೆ ಓದಿಸಿ, ಆಮೇಲೆ ಅಂಟಿಸಿದೆ. 'ಶೋ ಇಂಟರ್ಫೇಸಸ್ ಟ್ರಂಕ್' ಕೊಟ್ಟರೆ 10, 20, 30, 99, ನಾಲ್ಕೂ ಇದ್ದವು. ಕನ್ಫರ್ಮ್ ಕೊಟ್ಟೆ. ಸೇವ್ ಮಾಡಿದೆ. ಕಾಕಾಗೆ ಫೋನ್ ಮಾಡಿ "ಮುಗೀತು ಕಾಕಾ, ಮಲಗ್ರಿ" ಅಂದೆ. "ವೈರು ತೆಗೀಬೇಕೇನ್ರಿ?" ಅಂತ ಕೇಳಿದರು. ಬೇಡ ಅಂದೆ.